ಓದಿ ಹೇಳಲಾಗಿದೆ, ಸರಿಯೆಂದು ಒಪ್ಪಿದ್ದಾಳೆ

ಸಭೆಗಳಲ್ಲಿ ನನ್ನನ್ನು ಪರಿಚಯಿಸುವವರು ಒಂದು ಸುಳ್ಳನ್ನು ತಪ್ಪದೆ ಹೇಳುತ್ತಾರೆ. ಎಳೆಯ ವಯಸ್ಸಿನಲ್ಲೇ ಅಬಲೆಯರ ಕಣ್ಣೀರಿಗೆ ಕರಗಿ, ಮನುಷ್ಯರ ಮಾರಾಟದ ವಿರುದ್ಧ ಕಾನೂನು ಕಲಿಸುವುದಕ್ಕೆ ಬದುಕನ್ನೇ ಮುಡಿಪಿಟ್ಟವರು ಎಂದು. ಕರಗಿದ್ದೂ ಇಲ್ಲ, ಮುಡಿಪಿಟ್ಟದ್ದೂ ಇಲ್ಲ. ನನ್ನನ್ನು ಈ ಕೆಲಸಕ್ಕೆ ಕುತ್ತಿಗೆ ಹಿಡಿದು ತಂದದ್ದು ನನ್ನ ಜಂಬ. ಆ ಜಂಬಕ್ಕೆ ಒಂದು ಹುಡುಗಿ ಬೆಲೆ ತೆರುವುದರಲ್ಲಿದ್ದಳು. ಇದನ್ನು ಮೈಕಿನ ಮುಂದೆ ಹೇಳಿದರೆ ಸಂಘಟಕರಿಗೆ ಮುಜುಗರ. ಹಾರ ಕೈಯಲ್ಲೇ ಉಳಿಯುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಐವತ್ತರ ದಶಕದ ನಡುವಿನ ಮಾತು. ಕೊಳ್ಳೇಗಾಲ ಆಗಿನ್ನೂ ನಮ್ಮ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಆ ಕಡೆಯ ಜನ ಕೋರ್ಟಿಗೆ ಬಂದರೆ ಅವರ ಹೇಳಿಕೆಯನ್ನು ಕನ್ನಡದಲ್ಲೇ ಬರೆದುಕೊಳ್ಳುವುದಕ್ಕೆ ಒಬ್ಬ ಗುಮಾಸ್ತನಿದ್ದ. ನಮ್ಮದೂ ಕನ್ನಡದ ಮನೆಯೇ. ಎಷ್ಟು ತಲೆಮಾರಿನ ಹಿಂದೆ ಯಾವ ಊರು ಬಿಟ್ಟು ಬಂದೆವೋ ಯಾರಿಗೂ ನೆನಪಿಲ್ಲ. ಅಪ್ಪ ನೇಕಾರ, ಅವ್ವನ ತವರು ಸಿರುಮುಗೈ, ಅಲ್ಲೂ ಮಗ್ಗವೇ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಬೈಯುವುದಕ್ಕೆ ಎರಡೂ. ಆದರೆ ಓದುಬರಹ ಬಂದವರಿಗೂ ಬರುತ್ತಿದ್ದುದು ತಮಿಳು ಅಕ್ಷರ ಮಾತ್ರ. ದೇವಿಯ ಹಳೆಯ ಪಟವೊಂದು ನಡುಮನೆಯಲ್ಲಿತ್ತು. ಅದರ ಕೆಳಗೆ ಒಂದು ಸಾಲು ಕನ್ನಡ ಅಕ್ಷರಗಳಿದ್ದವು. ಅವ್ವ ಪ್ರತಿ ಶುಕ್ರವಾರ ದೇವಿಯ ಹಣೆಗೂ ಆ ಅಕ್ಷರಗಳಿಗೂ ಕುಂಕುಮ ಇಡುತ್ತಿದ್ದಳು. ಅಲ್ಲಿ ಏನು ಬರೆದಿದೆ ಎಂದು ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ನನಗೂ ಗೊತ್ತಿರಲಿಲ್ಲ, ಆದರೆ ನಾನು ಯಾರ ಹತ್ತಿರವೂ ಒಪ್ಪಿಕೊಳ್ಳುತ್ತಿರಲಿಲ್ಲ. ಬೀದಿಗೆಲ್ಲ ಮೊದಲ ಬಿ.ಎಲ್. ನಾನು. ಮದರಾಸಿನಲ್ಲಿ ಸ್ಕಾಲರ್‌ಶಿಪ್ಪಿನ ಮೇಲೆ ಓದಿ, ಎಂ.ಎಲ್. ಪದವಿಗೆ ಪ್ರಬಂಧ ಬರೆಯುತ್ತಿದ್ದೆ. ವಿಷಯ ನಾನೇ ಆರಿಸಿಕೊಂಡದ್ದು: ಹೊಸ ಸಂವಿಧಾನದ ಇಪ್ಪತ್ತಮೂರನೆಯ ವಿಧಿ, ಅಂದರೆ ಮನುಷ್ಯರ ಮಾರಾಟವೂ ಬಿಟ್ಟಿ ಚಾಕರಿಯೂ ಕೂಡದು ಎಂಬ ವಿಧಿ. ಹೆಂಗಸಿಗೆ ಇಂಥ ವಿಷಯ ಏತಕ್ಕೆ, ಆಸ್ತಿ ಪಾಲಿನ ಬಗ್ಗೆ ಬರೆಯಬಾರದೇ ಎಂದರು ಗುರುಗಳು. ನಮ್ಮಪ್ಪನಿಗೆ ಪಾಲು ಮಾಡುವಂಥ ಆಸ್ತಿಯೇ ಇಲ್ಲ ಸಾರ್ ಎಂದೆ. ಅವರು ನಗಲಿಲ್ಲ.

ಆ ಬೇಸಿಗೆಯಲ್ಲಿ ಪ್ರಬಂಧಕ್ಕೆ ವಿಷಯ ಕೂಡಿಸಲು ಊರಿಗೆ ಬಂದು, ನಮ್ಮವರೇ ಆದ ಒಬ್ಬ ಹಿರಿಯ ವಕೀಲರ ಕಚೇರಿಯಲ್ಲಿ ಕೂರುತ್ತಿದ್ದೆ. ದೂರದ ನೆಂಟರು, ಮಾಮ ಎಂದೇ ಕರೆಯುತ್ತಿದ್ದೆ. ಒಂದು ದಿನ ಅವರು ಕೇಳಿದರು: "ಏನಮ್ಮಾ, ನಿಂಗೆ ಕನ್ನಡ ಬರುತ್ತಲ್ಲ?"

"ಬರದೆ ಏನ್ ಮಾಮ, ವೀಟಲ್ಲಿ ಬೇರೆ ಏನ್ ಪೇಸ್ತೀವಿ?"

ಹೌದು, ಹೀಗೇ ಇತ್ತು ನಮ್ಮ ಕನ್ನಡ: ಮನೆ ಎಂದರೆ ವೀಡು, ಮಾತಾಡುವುದು ಎಂದರೆ ಪೇಸುವುದು. ಅರ್ಧ ತಮಿಳು ನುಂಗಿದ್ದ ಆ ಕನ್ನಡವೇ ಪೂರ್ತಿ ಕನ್ನಡ ಎಂದು ನಂಬಿದ್ದೆ.

ಕೆಲಸ ಇಷ್ಟು. ತಿರುಪ್ಪೂರಿನ ರೈಲ್ವೆ ಸ್ಟೇಷನ್ನಿನ ಹತ್ತಿರದ ಒಂದು ಮನೆಯ ಮೇಲೆ ಪೊಲೀಸರು ದಾಳಿ ಮಾಡಿದ್ದರು. ಆ ಮನೆ ಎಂಥದೆಂದು ಊರಿಗೆಲ್ಲ ಗೊತ್ತಿತ್ತು. ಅಲ್ಲಿ ಪಾತ್ರೆ ತೊಳೆಯುತ್ತಿದ್ದ ಹದಿಮೂರರ ಹುಡುಗಿಯೊಬ್ಬಳನ್ನು ತಂದು ಕೊಯಮತ್ತೂರಿನ ಒಂದು ರಕ್ಷಣಾ ಗೃಹದಲ್ಲಿ ಇರಿಸಿದ್ದರು. ಆ ಮನೆಯ ಹೆಂಗಸೊಬ್ಬಳು ತಾನು ಹುಡುಗಿಯ ಚಿಕ್ಕಮ್ಮ, ತನ್ನ ವಶಕ್ಕೆ ಕೊಡಿ ಎಂದು ಕೋರ್ಟಿಗೆ ಅರ್ಜಿ ಹಾಕಿದ್ದಳು. ಹುಡುಗಿ ಕೊಳ್ಳೇಗಾಲದ ಬೆಟ್ಟದ ಕಡೆಯವಳು, ತಮಿಳು ಒಂದಕ್ಷರ ಬಾರದು. ಅವಳ ಹೇಳಿಕೆಯನ್ನು ಕನ್ನಡ ಗುಮಾಸ್ತ ಬರೆದುಕೊಳ್ಳುತ್ತಾನೆ. ಕನ್ನಡ ಬಲ್ಲ ಮರ್ಯಾದಸ್ಥ ಹೆಂಗಸೊಬ್ಬಳು ಜೊತೆಗಿದ್ದು, ಬರೆದದ್ದನ್ನು ಹುಡುಗಿಗೆ ಓದಿ ಹೇಳಿ, ಸರಿಯೆಂದು ಒಪ್ಪಿಸಿ, ಸಹಿ ಹಾಕಬೇಕು. ಆ ಮರ್ಯಾದಸ್ಥ ಹೆಂಗಸು ನಾನು.

ರಕ್ಷಣಾ ಗೃಹದ ಜಗುಲಿಯಲ್ಲಿ ಹುಡುಗಿ ಮಂಡಿ ತಬ್ಬಿಕೊಂಡು ಕೂತಿದ್ದಳು. ನಾನು ಕನ್ನಡದಲ್ಲಿ ಊಟ ಆಯ್ತಾ ಎಂದು ಕೇಳಿದ ಕೂಡಲೇ ಅವಳ ಕಣ್ಣು ಅರಳಿದ್ದು ಇವತ್ತಿಗೂ ನನ್ನ ಮುಂದೆ ಇದೆ. ಒಂದೇ ಉಸಿರಿಗೆ ಎಲ್ಲ ಹೇಳಿದಳು.

"ಕೂಸು ಆಡ್ಸೋ ಕೆಲ್ಸ ಅಂದ್ರು ಕನ ಅಕ್ಕ. ಈ ಊರು ಅಂತ್ಲೂ ಏಳ್ನಿಲ್ಲ. ರೈಲು ನೋಡಿದ್ದೇ ಆವತ್ತು. ಆ ಯಮ್ಮ ನಂಗೆ ಚಿಕ್ಕವ್ವ ಅಂತಾಳಲ್ಲ, ಎಲ್ಲಾ ಸುಳ್ಳು, ಅವಳ್ಯಾರೋ ನಾನ್ಯಾರೋ. ನಮ್ಮವ್ವ ಊರಲ್ಲೇ ಅವ್ಳೆ. ನಂಗೆ ನಮ್ಮವ್ವನ್ ತಾವ್ಕೆ ಕಳಿಸ್ಬುಡಿ."

ಗುಮಾಸ್ತ ತಲೆ ಎತ್ತದೆ ಬರೆಯುತ್ತಿದ್ದ. ಮುಗಿದ ಮೇಲೆ ಮೂರು ಹಾಳೆಗಳನ್ನು ನನ್ನ ಕೈಗಿತ್ತ. "ನೀವೇ ಓದಿ ಹೇಳಿ ಅಮ್ಮಾ, ದೊಡ್ಡ ಓದು ಓದಿದೋರು," ಎಂದ. ಅವನ ತುಟಿಯಂಚಿನಲ್ಲಿ ನಗು ಇತ್ತೋ ಇಲ್ಲವೋ, ಆಣೆ ಮಾಡಿ ಹೇಳಲಾರೆ.

ನನಗೆ ಓದಲು ಬರುವುದಿಲ್ಲ, ನೀವೇ ಓದಿ ಎಂದಿದ್ದರೆ ಮುಗಿಯುತ್ತಿತ್ತು. ಐದು ಮಾತು. ಬಾಯಿ ಬರಲಿಲ್ಲ. ಗೃಹದ ಮೇಲ್ವಿಚಾರಕಿ ಪಕ್ಕದಲ್ಲಿ ನಿಂತಿದ್ದಳು, ಆ ಹುಡುಗಿ ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ಹಾಳೆಯನ್ನು ಮುಖದ ಮುಂದೆ ಹಿಡಿದೆ. ಕಣ್ಣನ್ನು ಎಡದಿಂದ ಬಲಕ್ಕೆ ಓಡಿಸಿದೆ. ಅವಳು ಹೇಳಿದ್ದನ್ನೆಲ್ಲ ನೆನಪಿನಿಂದ ಅವಳಿಗೇ ತಿರುಗಿ ಹೇಳಿದೆ, ನಡುನಡುವೆ ಹಾಳೆ ಮಗುಚಿದೆ. ಒಂದು ಕಡೆ ಅಕ್ಷರ ಅಸ್ಪಷ್ಟವಾಗಿದೆ ಎಂಬಂತೆ ಹುಬ್ಬು ಕೂಡ ಗಂಟಿಕ್ಕಿದೆ! ನಾಟಕ ಕಂಪನಿಯವರು ನೋಡಿದ್ದರೆ ಅಂದೇ ಸೇರಿಸಿಕೊಳ್ಳುತ್ತಿದ್ದರು.

"ಸರಿಯಾಗೈತಾ?" ಎಂದೆ.

"ಊಂ ಕನಕ್ಕ, ಎಲ್ಲಾ ಸರಿಯಾಗದೆ," ಎಂದು ಹೆಬ್ಬೆಟ್ಟು ಒತ್ತಿದಳು. ಒತ್ತಿದ ಮೇಲೆ ಮೆಲ್ಲಗೆ, "ಎಷ್ಟ್ ಚೆಂದಾಗಿ ಓದ್ತೀಯಕ್ಕ ನೀನು," ಎಂದಳು.

ಅದರ ಕೆಳಗೆ ಇಂಗ್ಲಿಷಿನಲ್ಲಿ, ಕೋರ್ಟಿನ ಮಾಮೂಲು ಒಕ್ಕಣೆಯಂತೆ, ಕನ್ನಡದಲ್ಲಿ ಓದಿ ಹೇಳಲಾಗಿದೆ, ಸರಿಯೆಂದು ಒಪ್ಪಿದ್ದಾಳೆ ಎಂದು ಬರೆದು ಸಹಿ ಮಾಡಿದೆ. ಸಹಿಯ ಪಕ್ಕದಲ್ಲಿ ಬಿ.ಎಲ್. ಎಂದು ಸೇರಿಸಲು ಮರೆಯಲಿಲ್ಲ.

ಪ್ರಬಂಧಕ್ಕೆ ಬೇಕೆಂದು ಆ ಹೇಳಿಕೆಯ ನಕಲಿಗೆ ಅರ್ಜಿ ಹಾಕಿದ್ದೆ. ನಕಲು ಕೈಗೆ ಬಂದದ್ದು ಒಂದು ಶುಕ್ರವಾರ. ಇಂಗ್ಲಿಷ್ ಅನುವಾದವನ್ನು ಅದೇ ಗುಮಾಸ್ತ ಸೋಮವಾರ ವಿಚಾರಣೆಯ ಹೊತ್ತಿಗೆ ಕೊಡುತ್ತಾನೆ ಎಂದರು. ನನಗೆ ತಾಳ್ಮೆ ಎಲ್ಲಿಯದು? ನಮ್ಮ ಬೀದಿಯಲ್ಲಿ ಮೈಸೂರಿನಿಂದ ಹೊಸದಾಗಿ ಬಂದ ಒಬ್ಬ ಮಿಲ್ ಎಂಜಿನಿಯರರ ಸಂಸಾರ ಬಾಡಿಗೆಗಿತ್ತು. ಅವರ ಹೆಂಡತಿಗೆ ಅಂಚೆಯಲ್ಲಿ ಕನ್ನಡದ ಪತ್ರಿಕೆಗಳು ಬರುತ್ತಿದ್ದವು. ನಾವು ಮಾತಾಡಿದರೆ ಆಕೆ ಸೆರಗು ಬಾಯಿಗಿಟ್ಟು ನಗುವುದು, ಆಕೆ ಮಾತಾಡಿದರೆ ನಾವು ಹಿಂದಿನಿಂದ ಅಣಕಿಸುವುದು, ಹೀಗೆ ಚೆನ್ನಾಗಿಯೇ ಇದ್ದೆವು.

ಆಕೆ ಹಿತ್ತಲ ಬಾಗಿಲಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನನ್ನ ಕನ್ನಡಕ ಒಡೆದಿದೆ, ಸ್ವಲ್ಪ ಓದಿ ಹೇಳಿ ಎಂದೆ. ಕನ್ನಡಕ ಆಗ ನನಗೆ ಇರಲೇ ಇಲ್ಲ. ಆಕೆ ಕೈ ಒರೆಸಿಕೊಂಡು, ಪಾಠ ಓದುವ ಹುಡುಗಿಯಂತೆ ಗಟ್ಟಿಯಾಗಿ ಓದಿದರು.

"'ನನಗೆ ತಂದೆ ತಾಯಿ ಇಲ್ಲ. ಸದರಿ ಹೆಂಗಸು ನನ್ನ ತಾಯಿಯ ಖಾಸಾ ತಂಗಿ. ಅವರೇ ನನ್ನನ್ನು ಸಾಕಿದವರು. ನಾನು ಸ್ವಂತ ಇಚ್ಛೆಯಿಂದ ತಿರುಪ್ಪೂರಿಗೆ ಬಂದಿದ್ದೇನೆ. ನನ್ನನ್ನು ಅವರ ವಶಕ್ಕೇ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.' ಪಾಪ, ಚಿಕ್ಕಮ್ಮನ ಮೇಲೆ ಎಷ್ಟು ಪ್ರೀತಿ ನೋಡ್ರೀ," ಎಂದರು.

ಇನ್ನೊಂದು ಸಲ ಓದಿಸಿದೆ. ಮೂರನೆಯ ಸಲ ಕೇಳಿದಾಗ ಆಕೆ ನನ್ನ ಮುಖವನ್ನೇ ದಿಟ್ಟಿಸಿ, "ಕನ್ನಡಕ ಒಡೆದಿರೋದಲ್ಲ, ಅಲ್ವೇನ್ರೀ?" ಎಂದು ಮೆಲ್ಲಗೆ ಕೇಳಿದರು. ನಾನು ತಲೆ ತಗ್ಗಿಸಿದೆ. ಆವತ್ತು ಆಕೆ ನಗಲಿಲ್ಲ.

ಸೋಮವಾರ ಮ್ಯಾಜಿಸ್ಟ್ರೇಟರು ಹುಡುಗಿಯನ್ನು ಆ ಹೆಂಗಸಿನ ವಶಕ್ಕೆ ಕೊಡುತ್ತಾರೆ. ತಿರುಪ್ಪೂರಿನ ಆ ಮನೆಗೆ ವಾಪಸ್ಸು, ಇಲ್ಲವೇ ಯಾವ ಪೊಲೀಸರೂ ಹುಡುಕಲಾಗದ ಇನ್ನೊಂದೂರಿಗೆ. ಅದಕ್ಕೆ ರುಜುವಾತು ನನ್ನ ಸಹಿ.

ಶನಿವಾರ ಬೆಳಿಗ್ಗೆ ಮಾಮನ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟು, ಬಾಗಿಲು ಮುಂದಕ್ಕೆ ಹಾಕಿ ಬಂದರು.

"ಯಾರ್ ಹತ್ರಾನೂ ಹೇಳಿಲ್ಲ ಅಲ್ವಾ?"

"ಇಲ್ಲ ಮಾಮ."

"ಹೇಳ್ಬೇಡ. ಹುಡುಗಿ ಕೋರ್ಟಲ್ಲಿ ಅವಳೇ ಹೇಳ್ಕೊಳ್ಲಿ. ಓದದೆ ಓದಿದೆ ಅಂತ ಸರ್ಟಿಫೈ ಮಾಡಿದ್ರೆ ಕೇಸಾಗುತ್ತೆ ಗೊತ್ತಾ? ನೀನು ಓದ್ದೋಳು, ನಿಂಗೆ ನಾನ್ ಹೇಳ್ಬೇಕಾ? ನೀನು ಅರ್ಜಿ ಹಾಕಿರೋ ಮದರಾಸಿನ ಲೆಕ್ಚರರ್ ಕೆಲ್ಸಕ್ಕೆ ನಾನ್ ಕೊಡ್ಬೇಕಾದ ನಡತೆ ಪತ್ರ ಮೇಜಿನ ಮೇಲೇ ಐತೆ. ಕೋರ್ಟಲ್ಲಿ ನಿಂತ್ಕೊಂಡು ನಾನು ಸುಳ್ಳು ಸಹಿ ಹಾಕ್ದೆ ಅಂದೋಳಿಗೆ ನಾನ್ ಹೆಂಗಮ್ಮಾ ನಡತೆ ಪತ್ರ ಕೊಡ್ಲಿ?"

"ಸುಳ್ಳು ಸಹಿ ಹಾಕಿ ಸುಮ್ಮನಿದ್ದೋಳಿಗೆ ಕೊಡ್ತೀರಾ ಮಾಮ?"

ಅವರ ಮುಖ ಕೆಂಪಾಯಿತು. "ಬಾಯಿ ಜಾಸ್ತಿ ಆಯ್ತು. ಹೋಗು," ಎಂದರು. ಒಳ್ಳೆಯ ಮನುಷ್ಯರೇ, ಕೆಟ್ಟವರಲ್ಲ. ನನ್ನನ್ನು ಉಳಿಸಬೇಕೆಂದೇ ಹೇಳಿದ್ದು. ಆದರೆ ಅವರ ಮಾತಿನಲ್ಲಿ ಉಳಿಯುವವಳು ನಾನೊಬ್ಬಳೇ ಆಗಿದ್ದೆ.

ಭಾನುವಾರ ನಾನು ಊಟ ಮಾಡಲಿಲ್ಲ. ಅಪ್ಪ ಮಗ್ಗದ ಕುಣಿಯಲ್ಲಿ ಕಾಲಿಟ್ಟು ನೇಯುತ್ತಿದ್ದ, ಅವ್ವ ಪಕ್ಕದಲ್ಲಿ ರಾಟೆ ತಿರುಗಿಸುತ್ತ ಲಾಳಿಗೆ ನೂಲು ಸುತ್ತುತ್ತಿದ್ದಳು. "ಏನ್ ಕಣ್ಣು, ಮೂತಿ ಹಿಂಗ್ ವಾಡೋಗೈತೆ?" ಎಂದಳು ಅವ್ವ, ನನ್ನ ಬಾಡಿದ ಮುಖ ನೋಡಿ. ಮುದ್ದು ಬಂದರೆ ನಾನು ಅವಳಿಗೆ 'ಕಣ್ಣು'. ಹೇಳಿದೆ. ಮೆಲ್ಲಗೆ ಹೇಳಬೇಕೆಂದು ಹೊರಟವಳು ಅಳುತ್ತಲೇ ಹೇಳಿದೆ. ಅಪ್ಪ ಲಾಳಿ ನಿಲ್ಲಿಸಿದ. ಮಗ್ಗದ ಸದ್ದು ನಿಂತರೆ ನಮ್ಮ ಮನೆಯಲ್ಲಿ ಯಾರೋ ಸತ್ತಂತೆ.

"ಹಾಸಲ್ಲಿ ಒಂದೆಳೆ ತುಂಡಾದ್ರೆ ಏನ್ ಮಾಡ್ತೀನಿ ನಾನು?" ಎಂದ ಅಪ್ಪ.

"ನಿಲ್ಸಿ ಗಂಟಾಕ್ತೀಯ."

"ನೋಡ್ದೆ ಒಂದ್ ಮೊಳ ನೇಯ್ದ್ಬಿಟ್ಟಿದ್ರೆ?"

"ಬಿಚ್ತೀಯ."

"ಊಟ ಮಾಡು. ನಾಳೆ ಹೋಗಿ ಬಿಚ್ಚು."

ಅವ್ವ ಮಾತ್ರ ರೇಗಿದಳು, ಅಪ್ಪನ ಮೇಲಲ್ಲ, ನನ್ನ ಮೇಲೆ. "ಓದಕ್ ಬರಲ್ಲ ಅನ್ನಕ್ಕೆ ಏನೇ ವೆಕ್ಕ ನಿಂಗೆ?" ಎಂದಳು. ವೆಕ್ಕ ಎಂದರೆ ನಾಚಿಕೆ. "ನಂಗೆ ಓದಕ್ ಬರಲ್ಲ, ನಿಮ್ಮಪ್ಪಂಗೆ ಬರಲ್ಲ, ನಾವೇನ್ ಮಾನ ಕಳ್ಕೊಂಡು ಕೂತಿದ್ದೀವಾ?"

ಅವ್ವ ಮತ್ತೆ ರಾಟೆ ತಿರುಗಿಸಿದಳು. ಅಪ್ಪನ ಮಗ್ಗದ ಸದ್ದೂ ಶುರುವಾಯಿತು.

ಸೋಮವಾರ ಕೋರ್ಟು ತುಂಬಿತ್ತು. 'ಚಿಕ್ಕಮ್ಮ' ರೇಷ್ಮೆ ಸೀರೆ ಉಟ್ಟು, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು ಹಿಡಿದು ಬಂದಿದ್ದಳು, ಹುಡುಗಿಗೆಂದು. ಹುಡುಗಿಯನ್ನು ಕರೆದರು. ಎದುರಿಗೆ ಆ ಹೆಂಗಸನ್ನು ಕಂಡು ಅವಳ ದನಿಯೇ ಹೊರಡಲಿಲ್ಲ. ಕೊನೆಗೆ, "ಅವಳು ಚಿಕ್ಕವ್ವ ಅಲ್ಲ, ನಾನು ಓಗಲ್ಲ," ಎಂದಷ್ಟು ಹೇಳಿ ಅತ್ತಳು. ಆ ಹೆಂಗಸಿನ ವಕೀಲರು ಎದ್ದರು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮಾತಾಡುವ ಮನುಷ್ಯ. ರಕ್ಷಣಾ ಗೃಹದವರು ಈಗ ಹೇಳಿಕೊಟ್ಟ ಪಾಠ ಇದು. ಮೊದಲ ಹೇಳಿಕೆಯೇ ನಿಜ. ಅದನ್ನು ಓದಿ ಹೇಳಿ ಒಪ್ಪಿಸಿದವರು ಸಾಧಾರಣರಲ್ಲ, ಕಾನೂನಿನಲ್ಲಿ ಉನ್ನತ ವ್ಯಾಸಂಗ ಮಾಡುತ್ತಿರುವ ಕನ್ನಡತಿ ಎಂದರು. ನನ್ನ ಕಡೆ ತಿರುಗಿ ಕೈಯನ್ನೂ ಮುಗಿದರು. ಆ ಹೊಗಳಿಕೆ ಕೇಳುವಾಗ ನನಗೆ ಬಂದಂಥ ಸಿಟ್ಟು ಯಾವ ಬೈಗುಳಕ್ಕೂ ಬಂದಿಲ್ಲ.

ಎದ್ದು ನಿಂತೆ. ನಾನು ಸಾಕ್ಷಿ ಹೇಳಬೇಕು ಎಂದೆ. ಮಾಮ ಎರಡನೆಯ ಸಾಲಿನಲ್ಲಿ ಕೂತಿದ್ದರು. ಬೇಡ ಎಂದು ತಲೆಯಾಡಿಸಿದರು. ಕಟಕಟೆ ಹತ್ತಿದೆ.

"ಆ ಹೇಳಿಕೆಯನ್ನು ನಾನು ಓದಿ ಹೇಳಲಿಲ್ಲ. ನನಗೆ ಕನ್ನಡ ಓದಲು ಬರುವುದಿಲ್ಲ," ಎಂದೆ, ತಮಿಳಿನಲ್ಲಿ, ಎಲ್ಲರಿಗೂ ತಿಳಿಯಲಿ ಎಂದು. ಹುಡುಗಿಯ ಕಡೆ ತಿರುಗಿ ಅದನ್ನೇ ಕನ್ನಡದಲ್ಲೂ ಹೇಳಿದೆ.

ಹಿಂದಿನ ಸಾಲುಗಳಲ್ಲಿ ಯಾರೋ ನಕ್ಕರು. ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನಿಮ್ಮ ಮನೆಮಾತು ಕನ್ನಡವಲ್ಲವೇ?"

"ಹೌದು. ಮಾತು ಮಾತ್ರ."

"ಮತ್ತೆ ಹುಡುಗಿಗೆ ಏನು ಹೇಳಿದಿರಿ?"

"ಅವಳು ಏನು ಹೇಳಿದ್ದಳೋ ಅದನ್ನೇ ತಿರುಗಿ ಹೇಳಿದೆ. ಅದಕ್ಕೇ ಅವಳು ಸರಿ ಎಂದದ್ದು. ಇವಳ ತಾಯಿ ಬದುಕಿದ್ದಾಳೆ, ಈ ಹೆಂಗಸು ಇವಳಿಗೆ ಯಾರೂ ಅಲ್ಲ, ಇವಳು ಹೇಳಿದ್ದು ಅಷ್ಟೇ. ಹಾಳೆಯಲ್ಲಿ ಬೇರೆ ಇದೆ."

ಆ ವಕೀಲರು ಹಾರಿ ಬಿದ್ದರು. ಈಗ ಇವರು ಸುಳ್ಳು ಹೇಳುತ್ತಿದ್ದಾರೆ, ಓದಲು ಚೆನ್ನಾಗಿ ಬರುತ್ತದೆ, ಹುಡುಗಿಯ ಮೇಲಿನ ಕನಿಕರಕ್ಕೆ ಹೀಗೆ ಹೇಳುತ್ತಿದ್ದಾರೆ ಎಂದರು. ಮೂರು ದಿನ ನನ್ನ ನಿದ್ದೆ ಕೆಡಿಸಿದ ಅವಮಾನವನ್ನು ಈಗ ರುಜುವಾತು ಪಡಿಸಬೇಕಾಗಿ ಬಂತು, ನೋಡಿ! ಮ್ಯಾಜಿಸ್ಟ್ರೇಟರು ಹೇಳಿಕೆಯ ಮೂರು ಹಾಳೆಗಳನ್ನು ಕೆಳಗಿಳಿಸಿದರು. ಮೊದಲನೆಯ ಹಾಳೆ ಯಾವುದು, ತೋರಿಸಿ ಎಂದರು. ನಾನು ಒಂದನ್ನು ತೋರಿಸಿದೆ. ಅದು ಎರಡನೆಯದಾಗಿತ್ತು. ಮತ್ತೆ ನಗು ಎದ್ದಿತು. ಈ ಸಲ ನಾನು ಆ ನಗುವಿನ ಕಡೆಗೇ ತಿರುಗಿ ನಿಂತೆ.

"ನಗಿ. ನಿಮ್ಮಲ್ಲಿ ಎಷ್ಟು ಜನ ಓದದೆ ಸಹಿ ಹಾಕಿದ್ದೀರಿ, ಎಷ್ಟು ಜನ ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಿದ್ದೀರಿ, ಇಲ್ಲಿ ಬಂದು ನಿಂತು ಹೇಳಿ. ಆಮೇಲೆ ನಾನೂ ನಗುತ್ತೇನೆ."

ಗಲಾಟೆ ಮಾಡಬೇಡಿ ಎಂದು ಮ್ಯಾಜಿಸ್ಟ್ರೇಟರು ಗದರಿಸಿದ್ದು ಅವರನ್ನಲ್ಲ, ನನ್ನನ್ನು. ಆದರೆ ಆ ಹೇಳಿಕೆಯನ್ನು ತಳ್ಳಿಹಾಕಿದರು. ಹುಡುಗಿಯನ್ನು ಯಾರಿಗೂ ಕೊಡಕೂಡದು, ತಾಯಿಯನ್ನು ಹುಡುಕಿಸಿ ಎಂದು ಪೊಲೀಸರಿಗೆ ಆಜ್ಞೆ ಮಾಡಿದರು. ಗುಮಾಸ್ತನ ಮೇಲೆ ವಿಚಾರಣೆ, ನನಗೆ ತೆರೆದ ಕೋರ್ಟಿನಲ್ಲಿ ಛೀಮಾರಿ. 'ಚಿಕ್ಕಮ್ಮ' ಬಾಳೆಹಣ್ಣನ್ನು ಬೆಂಚಿನ ಮೇಲೆಯೇ ಬಿಟ್ಟು ಹೊರಟಿದ್ದಳು. ಬಾಗಿಲಲ್ಲಿ ಪೊಲೀಸರು ಹಿಡಿದು ನಿಲ್ಲಿಸಿದರು.

ಮಾಮ ನಡತೆ ಪತ್ರ ಕೊಡಲಿಲ್ಲ. ಮದರಾಸಿನ ಕೆಲಸ ಆ ವರ್ಷ ಇನ್ನೊಬ್ಬರಿಗೆ ಹೋಯಿತು. ಬೀದಿಯಲ್ಲಿ ಕೆಲವರು ನನ್ನನ್ನು ಕಂಡರೆ 'ಓದು ಬರದ ಬಿ.ಎಲ್.' ಎನ್ನುತ್ತಿದ್ದರು. ಅನ್ನಲಿ. ಮೈಸೂರಿನ ಆ ನೆರೆಯಾಕೆಯ ಹಿತ್ತಲಲ್ಲಿ ದಿನಾ ಮಧ್ಯಾಹ್ನ ಸ್ಲೇಟು ಹಿಡಿದು ಕೂತೆ. ಇಪ್ಪತ್ತನಾಲ್ಕು ವರ್ಷದ ಕತ್ತೆ ಅ ಆ ತಿದ್ದಿದೆ. ಎರಡು ತಿಂಗಳಿಗೆ ಅಕ್ಷರ ಕೂಡಿಸಲು ಬಂದಾಗ ಮೊದಲು ಓದಿದ್ದು ದೇವಿಯ ಪಟದ ಕೆಳಗಿನ ಸಾಲು. ಅದು ಮಂತ್ರವಲ್ಲ, ಪಟ ಅಚ್ಚು ಹಾಕಿದ ಅಂಗಡಿಯ ವಿಳಾಸ! ಅವ್ವನಿಗೆ ಹೇಳಿದೆ. "ಇರ್ಲಿ ಬಿಡು, ಅವರೂ ಚೆನ್ನಾಗಿರ್ಲಿ," ಎಂದು ಮುಂದಿನ ಶುಕ್ರವಾರವೂ ಕುಂಕುಮ ಇಟ್ಟಳು.

ಪ್ರಬಂಧದಲ್ಲಿ ಒಂದು ಹೊಸ ಅಧ್ಯಾಯ ಬರೆದೆ: ಒಪ್ಪಿಗೆ ಎಂದು ಕಾಗದದಲ್ಲಿ ಇರುವುದು ಯಾರ ಮಾತು, ಅದನ್ನು ಯಾರು ಬರೆದರು, ಯಾರು ಓದಿ ಹೇಳಿದರು ಎಂಬುದರ ಮೇಲೆ. ನನ್ನ ಸಹಿಯನ್ನೇ ಉದಾಹರಣೆಯಾಗಿ ಕೊಟ್ಟೆ. ಇದು ಸಂಶೋಧನೆಯಲ್ಲ, ತಪ್ಪೊಪ್ಪಿಗೆ, ತೆಗೆದುಹಾಕಿ ಎಂದರು ಗುರುಗಳು. ತೆಗೆಯಲಿಲ್ಲ. ಪದವಿ ಒಂದು ವರ್ಷ ತಡವಾಯಿತು. ಆಮೇಲೆ ಮೂವತ್ತು ವರ್ಷ ಪಾಠ ಹೇಳಿದ್ದು ಅದೇ ಅಧ್ಯಾಯವನ್ನು. ಬೇಡವೆಂದವರೆಲ್ಲ ನಿವೃತ್ತರಾದರು. ಅಧ್ಯಾಯ ಇದೆ.

ಆದರೆ ನಾನು ಹೇಳಬೇಕಾದ್ದು ಇದೊಂದೂ ಅಲ್ಲ. ಹುಡುಗಿಯ ತಾಯಿ ಸಿಕ್ಕಿದ್ದು ವಿಚಾರಣೆಯಾದ ಮೂರು ವಾರಕ್ಕೆ. ಬೆಟ್ಟದಿಂದ ನಡೆದು ಇಳಿದು, ಪೊಲೀಸರ ಜೊತೆ ಬಸ್ಸಿನಲ್ಲಿ ಬಂದಿದ್ದಳು. ಕಾಲು ಒಡೆದು ರಕ್ತ ಬಂದಿತ್ತು. ರಕ್ಷಣಾ ಗೃಹದ ಅದೇ ಜಗುಲಿಯಲ್ಲಿ ಮಗಳನ್ನು ಅಪ್ಪಿಕೊಂಡು ಕೂತವಳು ತಲೆಯೇ ಎತ್ತಲಿಲ್ಲ. ನಾನು ಅಲ್ಲಿ ಇರಲೇಬೇಕೆಂದು ಹೋಗಿದ್ದೆ. ಸತ್ಯ ಹೇಳುತ್ತೇನೆ, ಒಂದು ಕೃತಜ್ಞತೆಯ ಮಾತಾದರೂ ಬರುತ್ತದೆ ಎಂಬ ಆಸೆ ನನಗಿತ್ತು.

ಬಿಡುಗಡೆಯ ಕಾಗದ ಸಿದ್ಧವಾಯಿತು. ಹೊಸ ಗುಮಾಸ್ತ ಕನ್ನಡದಲ್ಲೇ ಬರೆದಿದ್ದ. ಮೇಲ್ವಿಚಾರಕಿ ಶಾಯಿಯ ಪ್ಯಾಡು ತಂದಿಟ್ಟಳು. ಅಷ್ಟು ಹೊತ್ತಿಗೆ ನನಗೆ ಅಕ್ಷರಗಳೇನೋ ಗುರುತು ಸಿಗುತ್ತಿದ್ದವು. ಉತ್ಸಾಹದಿಂದ ಕಾಗದ ಕೈಗೆತ್ತಿಕೊಂಡು, "ಕೊಡಿ, ನಾನೇ ಓದಿ ಹೇಳ್ತೀನಿ," ಎಂದೆ.

ಹುಡುಗಿ ಶಾಯಿಯ ಹತ್ತಿರ ತಂದಿದ್ದ ಹೆಬ್ಬೆರಳನ್ನು ಹಿಂದಕ್ಕೆಳೆದು ಮುಷ್ಟಿಯೊಳಗೆ ಮುಚ್ಚಿಕೊಂಡಳು. ನನ್ನ ಮುಖವನ್ನು ನೇರವಾಗಿ ನೋಡಿದಳು.

"ನೀನು ಬ್ಯಾಡ ಕನಕ್ಕ," ಎಂದಳು. "ಓದಕ್ಕೆ ಬರೋರು ಓದ್ಲಿ."

ಮೇಲ್ವಿಚಾರಕಿ, "ಏಯ್, ಯಾರ್ ಹತ್ರ ಮಾತಾಡ್ತಿದ್ದೀಯ?" ಎಂದು ಗದರಿಸಲು ಬಾಯಿ ತೆರೆದಳು. ನಾನು ಅವಳನ್ನು ತಡೆದೆ. ಕಾಗದವನ್ನು ಹೊಸ ಗುಮಾಸ್ತನಿಗೆ ಕೊಟ್ಟು, ಕಂಬದ ಪಕ್ಕಕ್ಕೆ ಸರಿದು ನಿಂತೆ. ಆತ ಓದಿದ. ಹುಡುಗಿ ಎರಡು ಕಡೆ ನಿಲ್ಲಿಸಿ, ಇನ್ನೊಂದ್ಸಲ ಎಂದಳು. ಆತ ಇನ್ನೊಂದು ಸಲ ಓದಿದ. ಆಮೇಲೆ ಅವಳು ಮುಷ್ಟಿ ಬಿಚ್ಚಿದಳು.